ಜಾರ್ಜ್ ಸ್ಯಾಂಡ್ ಓದಬೇಕಾ? ಪ್ಯಾಂಟು, ಸಿಗಾರು ಬದಿಗಿಡಿ, ಎತ್ತಿನ ಜೋಡಿಯಿಂದ ಶುರು ಮಾಡಿ

ಜಾರ್ಜ್ ಸ್ಯಾಂಡ್ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ಮೂರೇ ಸಂಗತಿ. ಗಂಡಸಿನ ಹೆಸರಿಟ್ಟುಕೊಂಡು ಬರೆದ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಹೆಂಗಸು. ಪ್ಯಾಂಟು ಹಾಕಿ ಸಿಗಾರು ಸೇದಿದವಳು. ಪಿಯಾನೋ ಸಂಗೀತಗಾರ ಶೋಪಾನ್‌ನ ಪ್ರೇಯಸಿ. ಮೂರೂ ನಿಜ. ಆದರೆ ಇವನ್ನೇ ನಂಬಿಕೊಂಡು ಓದಲು ಕೂತವರು ಬೇಗ ಪುಸ್ತಕ ಮುಚ್ಚಿಡುತ್ತಾರೆ, ಯಾಕಂದ್ರೆ ಅವರು ಹುಡುಕುವ ಮಸಾಲೆ ಆಕೆಯ ಒಳ್ಳೆಯ ಕಾದಂಬರಿಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿರೋದು ಹೊಲ, ಬಾಡಿಗೆ, ಸಾಲ, ಮದುವೆ ಕಾನೂನು, ಮಳೆ, ಕೆಸರು.

ಬೆಳಗಾವಿಯಲ್ಲಿ ನಾವು ಕೆಲವರು ಆಗಾಗ ಸೇರಿ ಓದುತ್ತೇವೆ. ಟಿಳಕವಾಡಿಯ ಒಬ್ಬರ ಮನೆ ಮಾಳಿಗೆ, ಚಹಾ, ಚುರುಮುರಿ, ಒಂದಿಷ್ಟು ಜಗಳ. ಬಂದವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜು ಹುಡುಗಿಯರಿದ್ದಾರೆ, ಬೈಲಹೊಂಗಲ ಕಡೆಯಿಂದ ಬರುವ ಒಬ್ಬ ರೈತರೂ ಇದ್ದಾರೆ. ಈಕೆಯನ್ನು ಅಂಥ ಗುಂಪಿನಲ್ಲಿ ಹೇಗೆ ಓದಬಹುದು ಅನ್ನೋದನ್ನೇ ಇಲ್ಲಿ ಹೇಳುತ್ತೇನೆ. ಒಬ್ಬರೇ ಓದೋರಿಗೂ ಇದೇ ದಾರಿ ನಡೆಯುತ್ತೆ.

ಮೊದಲ ಪುಸ್ತಕ

1846ರಲ್ಲಿ ಬಂದ ‘ಲಾ ಮಾರ್ ಓ ದ್ಯಾಬ್ಲ್’ ತಗೊಳ್ಳಿ, ಅಂದರೆ ದೆವ್ವದ ಹೊಂಡ. ಇಂಗ್ಲಿಷ್‌ನಲ್ಲಿ ‘ದಿ ಡೆವಿಲ್ಸ್ ಪೂಲ್’ ಅಂತ ಹುಡುಕಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಚಿಕ್ಕ ಪುಸ್ತಕ. ಮೊಬೈಲ್‌ನಲ್ಲೇ ಓದಬಹುದು, ಆದರೆ ಗುಂಪಿನಲ್ಲಿ ವಯಸ್ಸಾದವರಿದ್ದರೆ ಅಕ್ಷರ ದೊಡ್ಡದು ಮಾಡಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿಬಿಡಿ. ಕೈಯಲ್ಲಿ ಕಾಗದ ಇದ್ದರೆ ಜನ ಗೆರೆ ಹಾಕ್ತಾರೆ, ಅಂಚಿನಲ್ಲಿ ಏನೋ ಗೀಚ್ತಾರೆ, ಮಾತು ಅಲ್ಲಿಂದಲೇ ಹುಟ್ಟುತ್ತೆ.

ಪುಸ್ತಕದ ಶುರುವಿನಲ್ಲಿ ಓದುಗರಿಗೆ ಅಂತ ಒಂದು ಭಾಗ ಇದೆ. ಹೋಲ್ಬೈನ್ ಅನ್ನೋ ಹಳೇ ಕಲಾವಿದನ ಚಿತ್ರ, ಉಳುತ್ತಿರುವ ಬಡ ಮುದುಕ, ಅವನ ಪಕ್ಕದಲ್ಲಿ ಓಡುವ ಸಾವು, ಕಲೆ ಯಾರಿಗಾಗಿ ಅನ್ನೋ ಚರ್ಚೆ. ಚೆನ್ನಾಗೇ ಇದೆ, ಆದರೆ ಮೊದಲ ಸಲ ಓದೋರು ಅದನ್ನು ದಾಟಿಬಿಡಿ. ಕೊನೆಗೆ ತಿರುಗಿ ಬನ್ನಿ. ನೇರ ಉಳುಮೆಯ ಅಧ್ಯಾಯಕ್ಕೆ ಹೋಗಿ. ಅದನ್ನು ಮಾತ್ರ ಬಿಡಬೇಡಿ.

ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಒಂದು ಕಡೆ ಒಬ್ಬ ಮುದುಕ ಎರಡು ಹಳೇ ಎತ್ತು ಕಟ್ಟಿಕೊಂಡು ನಿಧಾನ ಉಳುತ್ತಿದ್ದಾನೆ. ಹೊಲದ ಇನ್ನೊಂದು ತುದಿಯಲ್ಲಿ ಒಬ್ಬ ಗಟ್ಟಿಮುಟ್ಟಾದ ಯುವಕ ನಾಲ್ಕು ಜೋಡಿ ಹೊಸ ಎತ್ತುಗಳನ್ನು ಪಳಗಿಸುತ್ತಾ ಉಳುತ್ತಿದ್ದಾನೆ, ಅವನ ಪುಟ್ಟ ಮಗ ಕುರಿಮರಿ ಚರ್ಮ ಹೆಗಲಿಗೆ ಹಾಕಿಕೊಂಡು ಉದ್ದನೆಯ ಕೋಲು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದಾನೆ. ನಡುವೆ ಸ್ಯಾಂಡ್ ಹಳೇ ಜೋಡಿಗಳ ಬಗ್ಗೆ ಒಂದು ಮಾತು ಹೇಳ್ತಾಳೆ. ವರ್ಷಗಟ್ಟಲೆ ಒಂದೇ ನೊಗಕ್ಕೆ ಕತ್ತು ಕೊಟ್ಟ ಎರಡು ಎತ್ತು ಅಣ್ಣತಮ್ಮಂದಿರ ಹಾಗೆ ಆಗಿಬಿಡುತ್ತವೆ, ಒಂದು ಸತ್ತರೆ ಇನ್ನೊಂದು ಹೊಸ ಜೊತೆಗಾರನ ಜೊತೆ ದುಡಿಯಲು ಒಪ್ಪೋದಿಲ್ಲ, ಕೊರಗಿ ಕೊರಗಿ ಸಾಯುತ್ತದೆ ಅಂತ. ನಮ್ಮ ಬೈಲಹೊಂಗಲದ ರೈತರು ಇದನ್ನು ಕೇಳಿ “ಇದನ್ನ ಬರದಾಕಿ ಹೊಲದಾಗ ನಿಂತು ನೋಡ್ಯಾಳ್ರಿ, ಮನ್ಯಾಗ ಕುಂತು ಬರದಿಲ್ಲ” ಅಂದರು. ಅಲ್ಲಿಂದ ಮುಂದೆ ಫ್ರಾನ್ಸ್ ಅನ್ನೋದು ಯಾರಿಗೂ ದೂರ ಅನ್ನಿಸಲಿಲ್ಲ.

ಕಥೆ ಇಷ್ಟೇ. ಆ ಯುವಕನೇ ಜೆರ್ಮೆನ್, ಹೆಂಡತಿ ಸತ್ತ ಉಳುಮೆಗಾರ, ವಯಸ್ಸು 28, ಮೂರು ಮಕ್ಕಳು. ಮಾವನೇ ಮುಂದೆ ನಿಂತು “ಇನ್ನೊಂದು ಮದುವೆ ಆಗಪ್ಪಾ, ಮಕ್ಕಳನ್ನ ನೋಡೋರು ಬೇಕು” ಅಂತ ಪಕ್ಕದೂರಿನ ಅನುಕೂಲಸ್ಥ ವಿಧವೆಯನ್ನು ನೋಡಿ ಬರಲು ಕಳಿಸುತ್ತಾನೆ. ಅದೇ ದಾರಿಯಲ್ಲಿ ಕುರಿ ಕಾಯೋ ಕೆಲಸಕ್ಕೆ ಹೊರಟ ಬಡ ಹುಡುಗಿ ಮರೀ. ಮಗ ಪುಟ್ಟ ಪಿಯೆರ್ ಹಟ ಮಾಡಿ ಕುದುರೆ ಹತ್ತುತ್ತಾನೆ. ಮಂಜು ಕವಿದು ದಾರಿ ತಪ್ಪಿ ರಾತ್ರಿಯೆಲ್ಲಾ ಹೊಂಡದ ಸುತ್ತಲೇ ತಿರುಗುತ್ತಾರೆ. ಬೀಗರ ಮನೆಗೆ ಅಂತ ಒಯ್ಯುತ್ತಿದ್ದ ಬೇಟೆ ಹಕ್ಕಿಗಳನ್ನು ಮರೀ ಬೆಂಕಿ ಹಾಕಿ ಸುಡುತ್ತಾಳೆ. ಮಗು ನಿದ್ದೆಗಣ್ಣಲ್ಲಿ “ಇನ್ನೊಬ್ಬ ಅವ್ವನ್ನ ತರೋದಾದರೆ ಮರೀನೇ ಆಗಲಿ” ಅಂದುಬಿಡುತ್ತದೆ. ಮುಂದಿನದನ್ನು ನೀವೇ ಓದಿ. ಮರೀಗೆ 16 ವರ್ಷ. ಈ ಅಂತರ ಈಗಿನವರಿಗೆ ಮುಜುಗರ ತರುತ್ತೆ. ತರಲಿ, ಅದನ್ನು ಮುಚ್ಚಿಟ್ಟು ಓದೋ ಅಗತ್ಯ ಇಲ್ಲ, ಅಲ್ಲೇ ಮಾತಾಡಿ. ಆದರೆ ಆ ಕಾಡಿನ ರಾತ್ರಿಯಲ್ಲಿ ಯಾರಿಗೆ ಬುದ್ಧಿ ಇದೆ, ಯಾರಿಗೆ ಬೆಂಕಿ ಹಚ್ಚಲು ಬರುತ್ತೆ, ಮಗುವನ್ನು ಮಲಗಿಸಲು ಯಾರಿಗೆ ಗೊತ್ತು ಅನ್ನೋದನ್ನೂ ನೋಡಿ. ಆಳು ಮಗಳೇ ಅಲ್ಲಿ ಯಜಮಾನಿ.

ಕೊನೆಯಲ್ಲಿ ಆ ಸೀಮೆಯ ಮದುವೆ ಪದ್ಧತಿಗಳ ಬಗ್ಗೆ ಒಂದು ಅನುಬಂಧ ಇದೆ. ತುಂಬಾ ಜನ ಇದನ್ನು ಬಿಟ್ಟುಬಿಡ್ತಾರೆ. ನಮ್ಮ ಕಡೆಯವರು ಬಿಡಲೇಬಾರದು. ವರನ ಕಡೆಯವರು ಬಂದರೆ ವಧುವಿನ ಮನೆಯವರು ಬಾಗಿಲು ತೆಗೆಯೋದಿಲ್ಲ. ಒಳಗಿನವರು, ಹೊರಗಿನವರು ಹಾಡಿಗೆ ಹಾಡು ಹೇಳಿ ಸೋಲಿಸಬೇಕು. ಮದುವೆ ಆದಮೇಲೆ ಒಂದು ದೊಡ್ಡ ಕೋಸುಗಡ್ಡೆಯನ್ನು ಬೇರು ಸಮೇತ ಕಿತ್ತು, ಮೆರವಣಿಗೆ ಮಾಡಿ, ಮನೆಯ ಮಾಡಿನ ಮೇಲೆ ನೆಡುತ್ತಾರೆ, ಸಂತಾನ ಆಗಲಿ ಅಂತ. ಇದನ್ನು ಓದಿದ ದಿನ ನಮ್ಮಲ್ಲಿ ಒಡಪಿನ ಸುರಿಮಳೆ. ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳಿಸೋದು ನಮಗೇನು ಹೊಸದಾ? ನಿಮ್ಮ ಗುಂಪಿನಲ್ಲಿ ಹಿರಿಯ ಹೆಂಗಸರಿದ್ದರೆ ಈ ಭಾಗವನ್ನು ಅವರಿಗೇ ಬಿಡಿ, ನೀವು ಸುಮ್ನೆ ಕೂತು ಬರ್ಕೊಳ್ಳಿ.

ಓದೋದು ಹೇಗೆ

ಹಳೇ ಇಂಗ್ಲಿಷ್ ಅನುವಾದಗಳು ಸ್ವಲ್ಪ ಬಿಗಿ. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಒಬ್ಬರು ಅಧ್ಯಾಯ ಓದಿಕೊಂಡು ಬಂದು ಅದನ್ನು ಬಾಯಿಮಾತಿನಲ್ಲಿ ಕನ್ನಡದಲ್ಲಿ ಹೇಳಲಿ. ಇದಕ್ಕೆ ಸ್ಯಾಂಡ್ ತಾನೇ ಒಂದು ಅಳತೆಗೋಲು ಕೊಟ್ಟಿದ್ದಾಳೆ. ‘ಫ್ರಾಂಸ್ವಾ ಲ ಶಾಂಪಿ’ ಅನ್ನೋ ಕಾದಂಬರಿಯ ಮುನ್ನುಡಿಯಲ್ಲಿ ಒಬ್ಬ ಗೆಳೆಯನ ಜೊತೆ ಇದೇ ವಿಷಯಕ್ಕೆ ವಾದ ನಡೆಯುತ್ತದೆ. ಹಳ್ಳಿಯವರ ಮಾತನ್ನು ಹಾಗೇ ಬರೆದರೆ ಪಟ್ಟಣದವರಿಗೆ ಅರ್ಥ ಆಗೋದಿಲ್ಲ, ಪಟ್ಟಣದ ಮಾತಲ್ಲಿ ಬರೆದರೆ ಹಳ್ಳಿಯವರ ಬಾಯಲ್ಲಿ ಅದು ಸುಳ್ಳಾಗುತ್ತೆ. ಏನು ಮಾಡೋದು? ಗೆಳೆಯ ಹೇಳೋದಿಷ್ಟು: ನಿನ್ನ ಬಲಕ್ಕೆ ಈಗಿನ ಮಾತಾಡುವ ಪ್ಯಾರಿಸಿನವನು, ಎಡಕ್ಕೆ ಒಬ್ಬ ರೈತ ಕೂತಿದ್ದಾರೆ ಅಂದ್ಕೊಂಡು ಕಥೆ ಹೇಳು, ಇಬ್ಬರಿಗೂ ತಿಳಿಯಬೇಕು.

ಬೆಳಗಾವಿಯಲ್ಲಿ ಕೂತು ಬರೆಯುವ ಯಾರಿಗೇ ಆಗಲಿ ಈ ತಾಪತ್ರಯ ಇದ್ದದ್ದೇ ಅಲ್ವಾ. ಬಲಕ್ಕೆ ಬೆಂಗಳೂರಿನವರನ್ನು, ಎಡಕ್ಕೆ ಗೋಕಾಕ ಕಡೆಯ ಅಜ್ಜನನ್ನು ಕೂರಿಸಿಕೊಂಡು ಒಂದು ಅಧ್ಯಾಯ ಹೇಳಿ ನೋಡಿ. ಒಂದು ಅಧ್ಯಾಯ ಸಾಕು. ಆಕೆಯ ಗದ್ಯ ಯಾಕೆ ಹಾಗಿದೆ ಅನ್ನೋದು ತಾನಾಗೇ ತಿಳಿಯುತ್ತೆ.

ಎರಡನೆಯ ಪುಸ್ತಕ ‘ಪುಟ್ಟ ಫಾದೆತ್’, 1849ರದ್ದು. ಅವಳಿ ಅಣ್ಣತಮ್ಮಂದಿರು ಲಾಂದ್ರಿ ಮತ್ತು ಸಿಲ್ವಿನೆ. ಊರೆಲ್ಲಾ ಮಾಟಗಾತಿ ಮೊಮ್ಮಗಳು ಅಂತ ದೂರ ಇಡುವ, ‘ಮಿಡತೆ’, ‘ಚಿಮ್ಮಂಡೆ’ ಅಂತೆಲ್ಲಾ ಆಡಿಕೊಳ್ಳುವ ಕಪ್ಪು ಹುಡುಗಿ ಫಾದೆತ್. ಕಳೆದುಹೋದ ಅಣ್ಣ ಸಿಲ್ವಿನೆ ಎಲ್ಲಿದ್ದಾನೆ ಅಂತ ಲಾಂದ್ರಿಗೆ ಸುಳಿವು ಕೊಟ್ಟಿದ್ದಕ್ಕೆ ಅವಳು ಕೇಳೋ ಬೆಲೆ ಏನು ಗೊತ್ತಾ? ಹಬ್ಬದ ದಿನ ಎಲ್ಲರ ಎದುರಿಗೆ ತನ್ನ ಜೊತೆ ಕುಣಿಯಬೇಕು. ಪ್ರೌಢಶಾಲೆ ಮಕ್ಕಳಿಗೂ ಓದಿ ಹೇಳಬಹುದಾದ ಪುಸ್ತಕ.

ಬದುಕನ್ನು ಓದುವಾಗ ಇಸವಿ ಎಲ್ಲಿ ಕಟ್ಟಿಹಾಕಬೇಕು

ಎರಡು ಕಾದಂಬರಿ ಆದಮೇಲೆ ಬದುಕಿಗೆ ಬನ್ನಿ. ಇಸವಿಗಳು ತಲೆಯಲ್ಲಿ ನಿಲ್ಲೋದಿಲ್ಲ ಅನ್ನೋರು ಅವನ್ನು ನಮ್ಮೂರಿನ ಇಸವಿಗೆ ಕಟ್ಟಿ. ಅರೋರ್ ದ್ಯುಪ್ಯಾನ್ (ಸ್ಯಾಂಡ್‌ಳ ನಿಜ ಹೆಸರು) ಹುಟ್ಟಿದ್ದು 1804ರ ಜುಲೈ 1ಕ್ಕೆ ಪ್ಯಾರಿಸ್‌ನಲ್ಲಿ. ಕಿತ್ತೂರಿನಲ್ಲಿ ಚೆನ್ನಮ್ಮ ಬ್ರಿಟಿಷರ ಮೇಲೆ ಯುದ್ಧಕ್ಕೆ ನಿಂತ 1824ರಲ್ಲಿ ಅರೋರ್‌ಗೆ 20, ಮದುವೆಯಾಗಿ ಎರಡು ವರ್ಷ, ಕೈಯಲ್ಲೊಂದು ಮಗು. ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಅದೇ ತಿಂಗಳು ಅರೋರ್ ಹಳ್ಳಿಯ ಮನೆಯಿಂದ ಪ್ಯಾರಿಸ್‌ಗೆ ಹೊರಟಳು. ಬಾಗಲಕೋಟೆ ಕಡೆಯವರಾದರೆ ಹಲಗಲಿ ಬೇಡರ 1857 ಹಿಡಿಯಿರಿ, ಆಗ ಆಕೆಗೆ 53. ವಿಜಯಪುರದ ಹಿರಿಯರಿಗೆ 1876ರ ಬರ ಅಂದರೆ ಸಾಕು, ಆಕೆ ತೀರಿಕೊಂಡಿದ್ದು ಅದೇ ವರ್ಷದ ಜೂನ್ 8ಕ್ಕೆ. ಈ ಘಟನೆಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ, ಸುಮ್ನೆ ಗೂಟ ಅಷ್ಟೇ.

ಬಾಲ್ಯದಲ್ಲಿ ತಿಳಿಯಬೇಕಾದ್ದು ಒಂದೇ ವಿಷಯ. ತಂದೆಯ ಕಡೆಯಿಂದ ಪೋಲೆಂಡಿನ ರಾಜನ ರಕ್ತ, ಅದೂ ಮದುವೆಯಾಚೆಗಿನ ದಾರಿಯಲ್ಲಿ ಬಂದದ್ದು. ತಾಯಿಯ ಕಡೆಯಿಂದ ಪ್ಯಾರಿಸ್‌ನಲ್ಲಿ ಹಕ್ಕಿ ಮಾರುತ್ತಿದ್ದವನ ಮೊಮ್ಮಗಳು. ಅಪ್ಪ ಆಕೆಗೆ ನಾಲ್ಕು ವರ್ಷ ಇದ್ದಾಗ ಕುದುರೆಯಿಂದ ಬಿದ್ದು ಸತ್ತ. ಅಜ್ಜಿ ಮತ್ತು ತಾಯಿ ಮಗುವಿಗಾಗಿ ಎಳೆದಾಡಿದರು, ಅಜ್ಜಿ ಗೆದ್ದಳು. ಬೆರ್ರಿ ಸೀಮೆಯ ನೊಆಂ ಅನ್ನೋ ಹಳ್ಳಿಯಲ್ಲಿ ಅಜ್ಜಿಯ ಮನೆ. ಆಕೆ ಬೆಳೆದದ್ದೂ, ಕೊನೆಗೆ ಮಣ್ಣಾದದ್ದೂ ಅಲ್ಲೇ.

ಈಗ ಮುಖ್ಯ ಮಾತು. ಆಕೆಯ ಬದುಕನ್ನು ಪ್ರೇಮಿಗಳ ಪಟ್ಟಿಯಾಗಿ ಓದಬೇಡಿ, ದುಡ್ಡಿನ ಲೆಕ್ಕವಾಗಿ ಓದಿ. ಪ್ಯಾಂಟಿನ ರಹಸ್ಯವೂ ಅಲ್ಲೇ ಇದೆ.

ಅಜ್ಜಿ ಸತ್ತಮೇಲೆ ನೊಆಂ ಆಸ್ತಿ ಅರೋರ್‌ಗೆ ಬಂತು. ಮರುವರ್ಷ, 1822ರಲ್ಲಿ, ಕಾಸಿಮಿರ್ ದುದವಾಂ ಜೊತೆ ಮದುವೆ. ಮದುವೆ ಆದ ಕೂಡಲೇ ಆಸ್ತಿಯ ಯಜಮಾನಿಕೆ ಗಂಡನ ಕೈಗೆ. ಆಕೆ ಹುಟ್ಟಿದ ವರ್ಷವೇ ಜಾರಿಗೆ ಬಂದ ನೆಪೋಲಿಯನ್ನನ ಕಾನೂನು ಹಾಗಿತ್ತು, ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಅಂತ ಅದರಲ್ಲಿ ಬರೆದೇ ಇತ್ತು. ವಿಚ್ಛೇದನ ಕೊಡೋಣ ಅಂದ್ರೆ ಅದನ್ನು 1816ರಲ್ಲೇ ರದ್ದು ಮಾಡಿದ್ದರು. ಹೀಗಾಗಿ ಆಕೆ ಗಂಡನ ಜೊತೆ ಒಂದು ಒಪ್ಪಂದಕ್ಕೆ ಬಂದಳು. ವರ್ಷದಲ್ಲಿ ಅರ್ಧ ಕಾಲ ಪ್ಯಾರಿಸ್, ಖರ್ಚಿಗೆ ವರ್ಷಕ್ಕೆ 3000 ಫ್ರಾಂಕ್. ತನ್ನದೇ ಆಸ್ತಿಯ ದುಡ್ಡು, ಗಂಡನ ಕೈಯಿಂದ ಭತ್ಯೆಯಾಗಿ!

ತಿಂಗಳಿಗೆ 250 ಫ್ರಾಂಕ್. ಮೇಲಂತಸ್ತಿನ ಪುಟ್ಟ ಕೋಣೆಗಳಿಗೆ ವರ್ಷಕ್ಕೆ 300 ಬಾಡಿಗೆ. ಖಾನಾವಳಿಯಿಂದ ತರಿಸುವ ಊಟಕ್ಕೆ ದಿನಕ್ಕೆ 2 ಫ್ರಾಂಕ್. ಬಟ್ಟೆ ತಾನೇ ಒಗೆಯಬೇಕು. ಇನ್ನು ಪ್ಯಾರಿಸಿನ ರಸ್ತೆಗಳ ಕೆಸರು. ಹೆಂಗಸರ ತೆಳು ಚಪ್ಪಲಿ ಎರಡು ದಿನಕ್ಕೆ ಹರಿದುಹೋಗುತ್ತಿತ್ತು, ಮಖಮಲ್ಲಿನ ಟೋಪಿ ಮಳೆಗೆ ಹಾಳು, ಉದ್ದ ಲಂಗ ಎತ್ತಿಕೊಂಡು ನಡೆಯೋದು ಗೊತ್ತಿಲ್ಲ. ಆಗ ತಾಯಿಯೇ ಒಂದು ಉಪಾಯ ಹೇಳಿಕೊಟ್ಟಳು. ನಾನು ಚಿಕ್ಕವಳಿದ್ದಾಗ ನಿಮ್ಮಪ್ಪನ ಹತ್ತಿರ ಕಾಸಿರಲಿಲ್ಲ, ನನಗೆ ಹುಡುಗನ ಬಟ್ಟೆ ಹಾಕಿಸುತ್ತಿದ್ದರು, ಖರ್ಚು ಅರ್ಧಕ್ಕೆ ಇಳಿಯಿತು ಅಂತ. ದಪ್ಪ ಬೂದು ಬಟ್ಟೆಯ ನಿಲುವಂಗಿ, ಅದೇ ಬಟ್ಟೆಯ ಪ್ಯಾಂಟು, ಬೂದು ಟೋಪಿ, ಉಣ್ಣೆಯ ಕೊರಳಪಟ್ಟಿ. ನೋಡಿದವರಿಗೆ ಮೊದಲ ವರ್ಷದ ಕಾಲೇಜು ಹುಡುಗ. ಹಿಮ್ಮಡಿಗೆ ಕಬ್ಬಿಣ ಬಡಿದ ಬೂಟು ಸಿಕ್ಕಾಗ ಎಷ್ಟು ಖುಷಿಯಾಯಿತು ಅಂದರೆ ಅದನ್ನು ಹಾಕಿಕೊಂಡೇ ಮಲಗಬೇಕು ಅನ್ನಿಸಿತು ಅಂತ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಊರಿನ ಈ ತುದಿಯಿಂದ ಆ ತುದಿಗೆ ನಡೆದಳು. ನಾಟಕಶಾಲೆಯಲ್ಲಿ ಹೆಂಗಸರಿಗೆ ಜಾಗವಿಲ್ಲದ ಅಗ್ಗದ ನೆಲಸೀಟಿನಲ್ಲಿ ಕೂತಳು. ಯಾರೂ ತಿರುಗಿ ನೋಡಲಿಲ್ಲ.

ಸಂಜೆ ಕತ್ತಲಾದಮೇಲೆ ಒಬ್ಬಳೇ ಬಸ್ ಸ್ಟ್ಯಾಂಡಿನಿಂದ ರೂಮಿಗೆ ನಡೆದು ಹೋಗುವ ನಮ್ಮ ಹುಡುಗಿಯರಿಗೆ ಆ ಕೊನೆಯ ವಾಕ್ಯ ವಿವರಿಸಿ ಹೇಳಬೇಕಾಗಿಲ್ಲ.

ಹೆಂಗಸರು ಗಂಡಸರ ಬಟ್ಟೆ ತೊಡಬೇಕಾದರೆ ಪೊಲೀಸ್ ಅನುಮತಿ ಬೇಕು ಅನ್ನೋ ನಿಯಮ ಪ್ಯಾರಿಸ್‌ನಲ್ಲಿ 1800ರಿಂದ ಇತ್ತು. ಅದು ಇನ್ನು ಊರ್ಜಿತವಲ್ಲ ಅಂತ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ. ನಗಬೇಡಿ, ನಮ್ಮಲ್ಲೂ ಇಂಥ ಹಳೇ ಆದೇಶಗಳು ಎಷ್ಟು ಕಡತಗಳಲ್ಲಿ ಮಲಗಿವೆಯೋ.

ಹೆಸರಿನ ಕಥೆ ಚಿಕ್ಕದು. ಪತ್ರಿಕೆಗೆ ಒಂದು ಅಂಕಣಕ್ಕೆ 7 ಫ್ರಾಂಕ್ ಲೆಕ್ಕದಲ್ಲಿ ಬರೆಯುತ್ತಿದ್ದಾಗ ಗೆಳೆಯ ಜೂಲ್ ಸಾಂದೋ ಜೊತೆ ಸೇರಿ ಒಂದು ಕಾದಂಬರಿ ಬರೆದಳು, ಇಬ್ಬರ ಪರವಾಗಿ ‘ಜೆ. ಸ್ಯಾಂಡ್’ ಅಂತ ಹೆಸರು ಹಾಕಿದರು. 1832ರ ‘ಇಂಡಿಯಾನಾ’ ಆಕೆ ಒಬ್ಬಳೇ ಬರೆದದ್ದು. ಅರ್ಧ ಹೆಸರು ಉಳಿಸಿಕೊಂಡಳು, ಇನ್ನರ್ಧ ಬದಲಾಯಿಸಿದಳು.

ಈ ಇಂಡಿಯಾನಾ ನಿಮ್ಮ ಮೂರನೇ ಪುಸ್ತಕ. ಮೊದಲೇ ಕೈಗೆತ್ತಿಕೊಂಡರೆ ಮೂರ್ಛೆ, ಕಣ್ಣೀರು, ನದಿಗೆ ಹಾರೋದು ಎಲ್ಲಾ ಜಾಸ್ತಿ ಅನ್ನಿಸುತ್ತೆ. ದುಡ್ಡು, ಕಾನೂನು ತಿಳಿದಮೇಲೆ ಓದಿದರೆ ಅದೇ ಪುಸ್ತಕ ಬೇರೆ ಥರ ಕಾಣುತ್ತೆ. ಒಂದು ಕಡೆ ಇಂಡಿಯಾನಾ ಗಂಡನ ಮುಖಕ್ಕೆ ಹೇಳ್ತಾಳೆ: ಈ ದೇಶದ ಕಾನೂನು ನಿಮ್ಮನ್ನು ನನ್ನ ಯಜಮಾನ ಮಾಡಿದೆ, ನನ್ನ ಮೈ ಕಟ್ಟಿಹಾಕಬಹುದು, ಕೈ ಬಿಗಿಯಬಹುದು, ಆದರೆ ನನ್ನ ಮನಸ್ಸಿನ ಮೇಲೆ ನಿಮ್ಮದೇನೂ ನಡೆಯೋದಿಲ್ಲ. ಗುಂಪಿನಲ್ಲಿ ಈ ಪುಟವನ್ನು ಒಬ್ಬ ಹೆಣ್ಣುಮಗಳ ಕೈಲಿ ಓದಿಸಿ. ಆಮೇಲೆ ಯಾರೂ ಏನೂ ವಿವರಿಸಲು ಹೋಗಬೇಡಿ.

1836ರಲ್ಲಿ ಕೋರ್ಟಿನಿಂದ ಗಂಡನಿಂದ ಬೇರ್ಪಡುವ ತೀರ್ಪು ಪಡೆದಳು, ನೊಆಂ ಆಕೆಗೇ ಉಳಿಯಿತು. ನನ್ನ ಲೆಕ್ಕದಲ್ಲಿ ಆಕೆಯ ಬದುಕಿನ ದೊಡ್ಡ ದಿನ ಅದೇ, ಶೋಪಾನ್ ಸಿಕ್ಕ ದಿನ ಅಲ್ಲ. ಫ್ರಾನ್ಸಿನಲ್ಲಿ ವಿಚ್ಛೇದನ ಮತ್ತೆ ಬಂದದ್ದು 1884ರಲ್ಲಿ, ಆಕೆ ತೀರಿಕೊಂಡು ಎಂಟು ವರ್ಷಕ್ಕೆ.

‘ಎಷ್ಟು ಜನ ಪ್ರೇಮಿಗಳಿದ್ದರಂತೆ?’

ಈ ಪ್ರಶ್ನೆ ಬಂದೇ ಬರುತ್ತೆ, ಸಾಮಾನ್ಯವಾಗಿ ಹಿಂದಿನ ಸಾಲಿನಿಂದ. ಮುಜುಗರ ಪಡಬೇಡಿ, ಕೋಪಿಸಿಕೊಳ್ಳಲೂ ಬೇಡಿ. ಇದ್ದರು ಅಂತ ಹೇಳಿ. ಕವಿ ಮ್ಯುಸೆ ಜೊತೆ ವೆನಿಸ್‌ಗೆ ಹೋಗಿದ್ದು, ಅಲ್ಲಿ ಅವನಿಗೆ ಚಿಕಿತ್ಸೆ ಮಾಡಿದ ವೈದ್ಯನ ಮೇಲೇ ಮನಸ್ಸಾಗಿದ್ದು, ಎಲ್ಲಾ ನಡೆದದ್ದೇ. ಎರಡು ನಿಮಿಷದಲ್ಲಿ ಮುಗಿಸಿ ಶೋಪಾನ್‌ಗೆ ಬನ್ನಿ. 1838ರಿಂದ 1847ರವರೆಗಿನ ಆ ಸಂಬಂಧದಲ್ಲಿ ಆಕೆ ಹೆಚ್ಚಿನ ಕಾಲ ಮಾಡಿದ್ದು ಶುಶ್ರೂಷೆ. ಮೊದಲ ಚಳಿಗಾಲ ಮಜೋರ್ಕಾ ದ್ವೀಪದಲ್ಲಿ, ಪಾಳುಬಿದ್ದ ಮಠವೊಂದರಲ್ಲಿ. ಅವನಿಗೆ ಕೆಮ್ಮು, ಊರವರಿಗೆ ಕ್ಷಯದ ಭಯ, ಪ್ಯಾರಿಸ್‌ನಿಂದ ಬರಬೇಕಾದ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡಿತು. ಆ ಚಳಿಗಾಲದ ಬಗ್ಗೆ ಆಕೆ ಒಂದು ಪುಸ್ತಕವನ್ನೇ ಬರೆದಳು, ಅದರಲ್ಲಿ ಶೋಪಾನ್ ಹೆಸರು ಒಮ್ಮೆಯೂ ಬರೋದಿಲ್ಲ, ಬರೀ ‘ರೋಗಿ’. ಮಜೋರ್ಕಾದ ಜನರ ಬಗ್ಗೆ ಮಾತ್ರ ಬಾಯಿಗೆ ಬಂದಂತೆ ಬೈದಿದ್ದಾಳೆ. ಆ ಪುಸ್ತಕ ಓದಲೇಬೇಕು ಅಂತೇನಿಲ್ಲ.

ಆಕೆಯನ್ನು ದೇವತೆ ಮಾಡಬೇಡಿ. 1848ರ ಕ್ರಾಂತಿಯಲ್ಲಿ ಹೊಸ ಸರ್ಕಾರಕ್ಕಾಗಿ ಪ್ರಕಟಣೆಗಳನ್ನು ಬರೆದವಳು ಆಕೆಯೇ. ಅದೇ ವರ್ಷ ಪ್ಯಾರಿಸಿನ ಕೆಲವು ಹೆಣ್ಣುಮಕ್ಕಳು ‘ನೀವು ಚುನಾವಣೆಗೆ ನಿಲ್ಲಿ’ ಅಂದಾಗ ಖಾರವಾಗಿಯೇ ಬೇಡ ಅಂದಳು. ಮೊದಲು ಮನೆಯೊಳಗಿನ ಹಕ್ಕು, ಆಮೇಲೆ ಮತದ ಹಕ್ಕು ಅನ್ನೋದು ಆಕೆಯ ವಾದ. ಫ್ರಾನ್ಸಿನ ಹೆಂಗಸರಿಗೆ ಮತ ಸಿಕ್ಕಿದ್ದು 1944ರಲ್ಲಿ, ಆದ್ದರಿಂದ ಈ ವಾದ ನನಗೆ ಒಪ್ಪಿಗೆಯಾಗಿಲ್ಲ. 1871ರ ಪ್ಯಾರಿಸ್ ಕಮ್ಯೂನನ್ನೂ, ಅಂದರೆ ಪ್ಯಾರಿಸಿನ ಜನ ಬಂಡೆದ್ದು ಕಟ್ಟಿದ ಸರ್ಕಾರವನ್ನೂ, ಆಕೆ ಖಂಡಿಸಿದಳು. ಮಗಳು ಸೊಲಾಂಜ್ ಜೊತೆಗಿನ ಜಗಳ ಜೀವನಪೂರ್ತಿ ಸರಿಹೋಗಲಿಲ್ಲ. ಇವನ್ನೆಲ್ಲಾ ಗುಂಪಿನಲ್ಲಿ ಇಡಿ, ಚರ್ಚೆ ಆಗಲಿ.

ದುಡ್ಡಿನ ಲೆಕ್ಕವನ್ನು ಕೊನೆಯವರೆಗೂ ಬಿಡಬೇಡಿ. ರಾತ್ರಿ ಮನೆಮಂದಿ ಮಲಗಿದಮೇಲೆ ಕೂತು ಬೆಳಗಿನ ಜಾವದವರೆಗೆ ಬರೆಯೋದು, ಆ ದುಡ್ಡಿನಲ್ಲಿ ಮನೆ, ಮಕ್ಕಳು, ನೆಂಟರು, ಕಷ್ಟದಲ್ಲಿದ್ದ ಗೆಳೆಯರು, ಊರಿನ ಬಡವರು. 1869ರ ಒಂದು ಪತ್ರದಲ್ಲಿ ಲೆಕ್ಕ ಒಪ್ಪಿಸಿದ್ದಾಳೆ: ಬರೆದು ಹತ್ತು ಲಕ್ಷ ಫ್ರಾಂಕ್ ಗಳಿಸಿದೆ, ಎಲ್ಲಾ ಕೊಟ್ಟುಬಿಟ್ಟೆ, 20,000 ಮಾತ್ರ ಎತ್ತಿಟ್ಟಿದ್ದೇನೆ, ಕಾಯಿಲೆ ಬಿದ್ದರೆ ನನ್ನ ಕಷಾಯದ ಖರ್ಚು ಮಕ್ಕಳ ತಲೆಗೆ ಬರಬಾರದು ಅಂತ. ಈ ಪತ್ರ ಓದಿದಾಗ ನಮ್ಮ ಬ್ಯಾಂಕಿನ ಹಿರಿಯರು “ಎಫ್‌ಡಿ ಇಟ್ಟಾಳ ನೋಡ್ರಿ” ಅಂತ ನಕ್ಕರು.

ಕೊನೆಗೆ ಪತ್ರಗಳು, ಮತ್ತು ಏನು ಬಿಡಬೇಕು

‘ಲೇಲಿಯಾ’ ಸದ್ಯಕ್ಕೆ ಬಿಡಿ, ಅದರಲ್ಲಿ ಕಥೆಗಿಂತ ಉಸಿರು ಜಾಸ್ತಿ. ಗಾಯಕಿಯೊಬ್ಬಳ ಕಥೆ ‘ಕೊನ್ಸುಯೆಲೊ’ ಬಹಳ ದೊಡ್ಡದು, ನೂರಕ್ಕೂ ಹೆಚ್ಚು ಅಧ್ಯಾಯ. ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದ ಬೆಳಗಾವಿ ಕಡೆಯವರಿಗೆ ಗುರು, ಶಿಷ್ಯೆ, ಕಂಠ, ಅಸೂಯೆ ಇವೆಲ್ಲಾ ಹಿಡಿಸಬಹುದು. ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಅದಕ್ಕಿಂತ ಮೊದಲು ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಜೊತೆಗಿನ ಪತ್ರಗಳನ್ನು ಓದಿ. ಇಂಗ್ಲಿಷ್ ಅನುವಾದ ಗುಟೆನ್‌ಬರ್ಗ್‌ನಲ್ಲೇ ಇದೆ. ಆಕೆಗೆ ಅರವತ್ತು ದಾಟಿದೆ, ಅವನು ಹದಿನೇಳು ವರ್ಷ ಚಿಕ್ಕವನು, ಒಂದು ವಾಕ್ಯಕ್ಕೆ ದಿನಗಟ್ಟಲೆ ತಿಣುಕುವವನು. ಈಕೆ ರಾತ್ರಿಗೆ ಇಪ್ಪತ್ತು ಪುಟ ಸುರಿಯುವವಳು. ಇಬ್ಬರಿಗೂ ಯಾವುದರಲ್ಲೂ ಒಮ್ಮತ ಇಲ್ಲ, ಆದರೂ ಬಿಟ್ಟಿರಲಾರರು. ನಾಟಕ ಕಂಪನಿಗಳ ಸುದ್ದಿ ಬಂದಲ್ಲಿ ಪುಟ ಹಾರಿಸಿ. 1875ರ ಕೊನೆಯ ಪತ್ರಗಳಿಗೆ ಬಂದಾಗ ಮಾತ್ರ ನಿಧಾನ ಮಾಡಿ. ನೀನು ಓದುಗರನ್ನು ಕಂಗೆಡಿಸುತ್ತೀ, ನಾನು ಸಮಾಧಾನ ಮಾಡುತ್ತೇನೆ ಅನ್ನುವ ಅರ್ಥದ ಮಾತನ್ನು ಆಕೆ ಅಲ್ಲಿ ಹೇಳುತ್ತಾಳೆ, ಯಾಕೆ ಹಾಗೆ ಅಂತ ಜಗಳ ತೆಗೆಯುತ್ತಾಳೆ. ಅದನ್ನು ಓದಿದ ಕೂಡಲೇ ಫ್ಲೋಬೇರ್‌ನ ‘ಒಂದು ಸರಳ ಹೃದಯ’ ಅನ್ನೋ ನೀಳ್ಗತೆ ಓದಿ. ಮನೆಗೆಲಸದ ಹೆಂಗಸೊಬ್ಬಳ ಕಥೆ. ಸ್ಯಾಂಡ್‌ಳನ್ನು ಮೆಚ್ಚಿಸಲೆಂದೇ ಬರೆಯಲು ಶುರು ಮಾಡಿದ್ದ, ಅರ್ಧದಲ್ಲಿರುವಾಗ ಆಕೆ ತೀರಿಕೊಂಡಳು. ಕಂಗೆಡಿಸುವವನು ಕೊನೆಗೆ ಆಕೆಯ ಮಾತು ಕೇಳಿದನಾ ಇಲ್ಲವಾ ಅನ್ನೋದರ ಮೇಲೆ ನಮ್ಮ ಮಾಳಿಗೆಯಲ್ಲಿ ಇನ್ನೂ ಎರಡು ಪಕ್ಷ ಇವೆ.